ಎರಡು ಮೇಜಿನ ಜಾಗ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಳೆಗಾಲ ಶುರುವಾಗುವ ಹೊತ್ತಿಗೆ, ಖಾನಾಪುರದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹತ್ತು ಮೇಜಿನ ಒಂದು ಬಾರು ಇತ್ತು. ಆ ಬಾರಿಗೊಬ್ಬ ರಾಜ. ಅವನಿಗೆ ಕಿರೀಟದ ಬದಲು ಬಿಳಿ ಟೊಪ್ಪಿಗೆ, ಸಿಂಹಾಸನದ ಬದಲು ಗಲ್ಲಾಪೆಟ್ಟಿಗೆಯ ಹಿಂದಿನ ಎತ್ತರದ ಸ್ಟೂಲು. ರಾಜನಿಗೆ ಮಕ್ಕಳಿರಲಿಲ್ಲ, ಅಣ್ಣನ ಮಗಳೊಬ್ಬಳಿದ್ದಳು. ಮೊಣಕಾಲು ನೋವು ಬಂದು ಸ್ಟೂಲು ಹತ್ತುವುದು ಕಷ್ಟವಾದಾಗ ರಾಜ ಕೀಲಿಗೊಂಚಲನ್ನು ಅವಳ ಕೈಗಿತ್ತ. ಅವಳು ಮೂರು ತಿಂಗಳು ಸುಮ್ಮನೆ ನೋಡಿದಳು. ನಾಲ್ಕನೇ ತಿಂಗಳು ಎರಡು ಮೇಜು ಎತ್ತಿಸಿ ಹಿತ್ತಲಿಗೆ ಹಾಕಿಸಿ, ಆ ಜಾಗದಲ್ಲಿ ಮೊಣಕಾಲೆತ್ತರದ ಒಂದು ಸ್ಟೇಜು ಕಟ್ಟಿಸಿದಳು. ಜಗಳ ಅಲ್ಲಿಂದ ಶುರುವಾಯಿತು.

ರಾಜನ ಹೆಸರು ದುಂಡಪ್ಪ. ಹುಡುಗಿ ಸಮೃದ್ಧಿ, ವಯಸ್ಸು ಇಪ್ಪತ್ತೇಳು, ಓದಿದ್ದು ಬಿ.ಕಾಂ., ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ದಿನಾ ಮಧ್ಯಾಹ್ನ ಸ್ಕೂಟಿ ಹತ್ತಿ ಖಾನಾಪುರಕ್ಕೆ ಬರುತ್ತಿದ್ದಳು. ಅವರ ಮನೆತನದಲ್ಲಿ ಒಂದು ಹನಿ ಬಾಯಿಗೆ ಹಚ್ಚಿದವರಿಲ್ಲ. ಅಜ್ಜಿ ಬಾಳವ್ವನಂತೂ ಅದನ್ನು 'ನಮ್ಮ ಅಂಗಡಿ' ಅನ್ನುವಳೇ ಹೊರತು ಅಲ್ಲಿ ಏನು ಮಾರುತ್ತಾರೆಂದು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿದವಳಲ್ಲ. ಅಜ್ಜ ಯಾವ ಕಾಲದಲ್ಲೋ ತೆಗೆಸಿದ ಲೈಸೆನ್ಸು. ಬೇಕೆಂದಾಗ ಹೊಸದು ಸಿಗುವಂಥದ್ದಲ್ಲ, ಆದ್ದರಿಂದ ಇದ್ದದ್ದನ್ನು ಬಿಡುವ ಮಾತೂ ಇಲ್ಲ. ಅಡುಗೆಮನೆಯಲ್ಲಿ ಮಾತ್ರ ಒಂದು ಮೊಟ್ಟೆಯನ್ನೂ ಒಡೆಯಕೂಡದೆಂಬುದು ಅಜ್ಜ ಹಾಕಿದ ಕಟ್ಟು. ಹೀಗಾಗಿ ಬಿಯರಿನ ಜೊತೆ ಬಿಸಿ ಮಿರ್ಚಿಭಜಿ ಬೇಕಾದವರೆಲ್ಲ ಇಲ್ಲಿಗೇ ಬರುತ್ತಿದ್ದರು.

ಸ್ಟೇಜು ಯಾರಿಗಾಗಿ ಕಟ್ಟಿಸಿದ್ದೆಂದರೆ ಸಿದ್ದಕ್ಕನಿಗಾಗಿ. ಸಿದ್ದಕ್ಕ ಇಪ್ಪತ್ತೈದು ವರ್ಷ ನಾಟಕದ ಕಂಪನಿಗಳಲ್ಲಿ ರಾಣಿಯೂ ಆಗಿ, ದಾಸಿಯೂ ಆಗಿ, ಹಾಸ್ಯದವಳು ಜ್ವರ ಬಂದು ಮಲಗಿದ ದಿನ ಹಾಸ್ಯದವಳೂ ಆಗಿ ಹಾಡಿದವಳು. ಕಂಪನಿಯ ತಂಬು ಕಾಯಂ ಆಗಿ ಮಡಚಿದ ಮೇಲೆ ಖಾನಾಪುರದ ತಂಗಿಯ ಮನೆಗೆ ಬಂದು ಭಜನೆ ಹೇಳಿಕೊಂಡಿದ್ದಳು. ಕನ್ನಡದ ರಂಗಗೀತೆ ಮುಗಿಸಿ ಅದೇ ಉಸಿರಿನಲ್ಲಿ ಮರಾಠಿಯದು ಎತ್ತಿಕೊಳ್ಳಬಲ್ಲ ಗಂಟಲು. ಸಮೃದ್ಧಿ ಅಂಜುತ್ತಂಜುತ್ತಲೇ ಬಾರಿನ ಮಾತೆತ್ತಿದಾಗ ಮುದುಕಿ ನಕ್ಕುಬಿಟ್ಟಿದ್ದಳು.

"ಕಂಪನ್ಯಾಗ ಕುಡದು ಬಂದವರ ಮುಂದ ಹಾಡತಿದ್ನಿ. ಇಲ್ಲೆ ಕುಡ್ಯಾಕ ಬಂದವರ ಮುಂದ ಹಾಡೂದು. ಅಷ್ಟ ಫರಕ ಅಲ್ಲೇನು ಮಗಳ?"

ಸ್ಟೇಜಿಗೆ ಜಮಖಾನ ಹಾಸುವ ದಿನ ದುಂಡಪ್ಪ ಬಂದ. ಕೋಲೂರಿಕೊಂಡು ಸ್ಟೇಜಿನ ಸುತ್ತ ಒಂದು ಸುತ್ತು ಹಾಕಿದ.

"ಏ ಸಮ್ಮೂ, ಶನಿವಾರ ಒಂದೊಂದು ಟೇಬಲ್ ಮೂರು ಸಾವಿರದ ಯಾಪಾರ ಕೊಡತೈತಿ. ಎರಡಕ್ಕ ಆರಾತು. ನಿನ್ನ ಸ್ಟೇಜು ಏನ ಕೊಡತೈತಿ? ಅದರ ಮ್ಯಾಲ ಕುಂತು ಯಾರರೆ ಕ್ವಾರ್ಟರ್ ಹೇಳ್ತಾರೇನು?"

"ಸ್ಟೇಜೂ ಆರು ಕೊಡತೈತಿ ಕಾಕಾ. ಮ್ಯಾಲ ಹಾಡೋರ ಮೂರು ಸಾವಿರ ಪಗಾರನೂ ತಾನ ದುಡಕೋತೈತಿ."

"ಯಾವಾಗ? ನಾ ಸತ್ತ ಮ್ಯಾಲ?"

"ದೀಪಾವಳಿ ಒಳಗ."

ದುಂಡಪ್ಪ ಬೆರಳು ಮಡಚಿದ. ಹತ್ತು ಮೇಜಿಗೆ ಮೂವತ್ತು ಸಾವಿರ. ಪಗಾರ ಮೂರು. "ಲಾಭ ಗೀಭ ಅಂತ ಕಾಲೇಜಿನ ಲೆಕ್ಕ ನನಗ ಹೇಳಬ್ಯಾಡ. ಗಲ್ಲಾದಾಗಿಂದು, ಫೋನಿನ್ಯಾಗಿಂದು ಎರಡೂ ಕೂಡಿಸಿ ನಾನ ಎಣಸಾಂವ. ಒಂದ ಶನಿವಾರ, ಒಂದ ಅಂದ್ರ ಒಂದ, ಮೂವತ್ತಮೂರು ಸಾವಿರ ಆಗ್ಲಿ, ನಾ ಮತ್ತ ಬಾಯಿ ತಗಿಯೂದಿಲ್ಲ. ಆಗಲಿಲ್ಲೋ, ಸ್ಟೇಜು ಕಿತ್ತ ಒಗಿಯೂದು. ಕೀಲಿ ನನ್ನ ಕೈಗೆ. ಬೆಳಗಾಂವದ ಪಾರ್ಟಿ ಒಬ್ಬಾಂವ ಅಂಗಡಿ ಲೀಸಿಗೆ ಕೊಡ್ರಿ ಅಂತ ಬೆನ್ನ ಹತ್ತ್ಯಾನ, ಕೊಟ್ಟಬಿಡತೀನಿ."

ಜಮಖಾನದ ಸುಕ್ಕು ಸರಿಮಾಡುತ್ತಿದ್ದ ಸಿದ್ದಕ್ಕ ತಲೆಯೆತ್ತಿದಳು. ಸಮೃದ್ಧಿ ಅವಳನ್ನು ನೋಡಿ, ಕಾಕಾನನ್ನು ನೋಡಿ, "ಮಾತು ಕೊಟ್ಟೀನಿ," ಅಂದಳು. ದೀಪಾವಳಿಗೆ ಆರು ಶನಿವಾರ ಉಳಿದಿದ್ದವು.

ಮೊದಲ ಶನಿವಾರ ಜನ ಹಿಡಿಸಲಾರದಷ್ಟು ಬಂದರು. ಎಂಟು ಮೇಜು ಏಳು ಗಂಟೆಗೇ ತುಂಬಿದವು. ಗೋಡೆಗೆ ಬೆನ್ನು ಕೊಟ್ಟು ನಿಂತವರೇ ಹತ್ತಾರು ಮಂದಿ. ಹಾಡು ಒಂಬತ್ತೂವರೆಗೆ ಮುಗಿಯಿತು. ಮೈಕಿನ ಪರವಾನಗಿ ಕಾಗದದಲ್ಲಿ ಅಷ್ಟೇ ಹೊತ್ತು ಬರೆದಿತ್ತು. ಸಮೃದ್ಧಿ ಗಲ್ಲಾ ತೆರೆದು ಎಣಿಸಿದಳು. ಹತ್ತೊಂಬತ್ತು ಸಾವಿರ. ತಪ್ಪಿರಬೇಕೆಂದು ಮತ್ತೊಮ್ಮೆ ಎಣಿಸಿದಳು. ಹತ್ತೊಂಬತ್ತೇ.

ಎರಡನೇ ಶನಿವಾರ ಜನ ಇನ್ನೂ ಹೆಚ್ಚು, ಗಲ್ಲಾದಲ್ಲಿ ಹದಿನೆಂಟು.

ಅಜ್ಜಿಯ ಕತೆಯಲ್ಲಾಗಿದ್ದರೆ ಕಣಜದ ತಳದಲ್ಲಿ ಒಂದು ಹೆಗ್ಗಣ ಇರುತ್ತಿತ್ತು, ರಾಜಕುಮಾರಿ ರಾತ್ರಿಯಿಡೀ ಎಚ್ಚರವಿದ್ದು ಅದನ್ನು ಹಿಡಿಯುತ್ತಿದ್ದಳು. ಇಲ್ಲಿ ಯಾವ ಹೆಗ್ಗಣವೂ ಇರಲಿಲ್ಲ. ವೇಟರ್ ಕರೆಪ್ಪ ಹನ್ನೆರಡು ವರ್ಷದಿಂದ ಇದ್ದವನು, ಬಿದ್ದ ಒಂದು ರೂಪಾಯಿಯನ್ನೂ ತಂದು ಗಲ್ಲಾದ ಮೇಲಿಡುವವನು. ಆದರೂ ಎರಡನೇ ಶನಿವಾರ ಸಮೃದ್ಧಿ ಕಣ್ಣು ಬಿಟ್ಟು ನೋಡುತ್ತ ಕೂತಿದ್ದಳು, ಮತ್ತು ನೋಡಬೇಕಾದ್ದು ಅವಳಿಗೆ ಕಂಡಿತ್ತು.

ತಬಲಾದವನನ್ನು ಪಕ್ಕಕ್ಕೆ ಕೂರಿಸಿಕೊಂಡು ಸಿದ್ದಕ್ಕ, ಅರಮನೆ ಬಿಟ್ಟು ಹೊರಟ ರಾಣಿಯ ಹಾಡು ಎತ್ತಿಕೊಂಡಿದ್ದಳು. ಅವಳು ಮೊದಲ ಸ್ವರ ಹಿಡಿದದ್ದೇ ತಡ, ಎಂಟೂ ಮೇಜುಗಳಲ್ಲಿ ಗ್ಲಾಸುಗಳು ಕೆಳಗಿಳಿದವು. ಯಾರೂ ಹೇಳಿರಲಿಲ್ಲ. ಒಬ್ಬ ಬಾಯಿಗೆ ಒಯ್ದಿದ್ದ ಶೇಂಗಾವನ್ನು ಮುಷ್ಟಿಯಲ್ಲೇ ಇಟ್ಟುಕೊಂಡ. ಇನ್ನೊಬ್ಬ ಬೀಡಿ ಆರಿಸಿದ. ಇವರೆಲ್ಲ ಭಜನೆಯ ಮನೆಗಳಲ್ಲಿ ಬೆಳೆದವರು. ಹಾಡು ನಡೆದಾಗ ಬಾಯಾಡಿಸಬಾರದು, ಎದ್ದು ಓಡಾಡಬಾರದು ಎಂದು ತಾಯಂದಿರಿಂದ ತೊಡೆ ಚಿವುಟಿಸಿಕೊಂಡವರು. ಕರೆಪ್ಪನೂ ಹಾಗೆಯೇ. ಎರಡು ಬಿಯರಿದ್ದ ಟ್ರೇ ಹಿಡಿದು ಕಂಬದ ಹಾಗೆ ನಿಂತುಬಿಟ್ಟಿದ್ದ. ಬಿಲ್ಲು ಕೊಟ್ಟು ಹೊರಟಿದ್ದ ಯಾರದೋ ಫೋನಿನಿಂದ ದುಡ್ಡು ಬಂದು, ಗಲ್ಲಾದ ಮೇಲಿನ ಪುಟ್ಟ ಡಬ್ಬಿ "ಇನ್ನೂರಾ ನಲವತ್ತು ರೂಪಾಯಿ ಬಂದಿದೆ" ಎಂದು ಕೂಗಿದ್ದಕ್ಕೆ ಮೂವತ್ತು ಜನ ಹಿಂತಿರುಗಿ ಅದನ್ನು ಕೆಕ್ಕರಿಸಿ ನೋಡಿದರು. ಸಮೃದ್ಧಿ ಡಬ್ಬಿಯ ಬಾಯಿ ಮುಚ್ಚಿದಳು.

ಹಾಡು ಹನ್ನೆರಡು ನಿಮಿಷ. ಮುಗಿಯಿತು ಅನ್ನುವಾಗ ಮೂಲೆಯಿಂದ "ಒನ್ಸ್ ಮೋರ್!" ಸಿದ್ದಕ್ಕ ಕಣ್ಣರಳಿಸಿ ಮತ್ತೆ ಹಾಡಿದಳು. ಮತ್ತೆ ಹನ್ನೆರಡು. ಆಮೇಲೆ ಇನ್ನೊಂದು ಮೂಲೆಯಿಂದ "ಒನ್ಸ್ ಮೋರ್!" ಮೂರು ಗಂಟೆಯಲ್ಲಿ ಆ ಜನರ ಕೈ ಗ್ಲಾಸು ಮುಟ್ಟಿದ್ದು ಅರ್ಧ ಗಂಟೆಯೂ ಅಲ್ಲ.

"ಕರೆಪ್ಪಾ, ಹಾಡು ನಡದಾಗ ಯಾಕ ನಿಲ್ತಿ? ಆರ್ಡರ್ ತಗೊಂಡ ಬರಬಾರದೇನು?"

"ಅಕ್ಕಾರ, ರಾಣಿ ಅಳಾಕತ್ಯಾಳ, ನಾ ಹೋಗಿ ಮತ್ತೇನ ಬೇಕ್ರಿ ಅಂತ ಹೆಂಗ ಕೇಳ್ಲಿ? ನನ್ನ ಕೈಲೆ ಆಗೂದಿಲ್ರೀ."

ಹಾಡು ಚೆನ್ನಾಗಿದ್ದಷ್ಟೂ ವ್ಯಾಪಾರ ಕಡಿಮೆ! ಸಮೃದ್ಧಿಗೆ ನಗು ಬಂತು. ರೋಗ ಯಾವುದೆಂದು ಗೊತ್ತಾದ ಮೇಲೆ ಅವಳಿಗೆ ಅರ್ಧ ಗೆದ್ದಷ್ಟು ಧೈರ್ಯ ಬರುತ್ತಿತ್ತು, ಸಣ್ಣಂದಿನಿಂದಲೂ ಹಾಗೆಯೇ.

ಬುಧವಾರ ಸಂಜೆ ಅವಳು ಬೆಳಗಾವಿಯ ಕ್ಯಾಂಪ್ ಬಡಾವಣೆಗೆ ಹೋದಳು. ಅಲ್ಲಿ ಹಳೆಯ ಬಂಗಲೆಯೊಂದರ ವರಾಂಡದಲ್ಲಿ ನಡೆಯುವ ಬಾರಿನಲ್ಲಿ ಅವಳ ಕಾಲೇಜಿನ ಗೆಳೆಯ ಸುಯೋಗ ಗಿಟಾರು ಬಾರಿಸಿ ಹಾಡುತ್ತಿದ್ದ. ಜೈನರ ಹುಡುಗ, ಹಾಡುವುದು ಬಾರಿನಲ್ಲಿ, ಕುಡಿಯುವುದು ನಿಂಬೆ ಸೋಡಾ, ಅದೂ ಹೊತ್ತು ಮುಳುಗುವ ಮೊದಲು. ಸಮೃದ್ಧಿ ಒಂದು ಮೂಲೆಯಲ್ಲಿ ಕೂತು ನೋಡಿದಳು. ಸುಯೋಗ ಚೆನ್ನಾಗಿಯೇ ಹಾಡುತ್ತಿದ್ದ. ಆದರೆ ಒಬ್ಬರ ಕಿವಿಯೂ ಅವನ ಕಡೆ ಇರಲಿಲ್ಲ. ನಗುತ್ತಿದ್ದರು, ಹರಟುತ್ತಿದ್ದರು, ಕೈ ಮೇಲೆತ್ತಿ ಇನ್ನೊಂದು ತರಿಸುತ್ತಿದ್ದರು. ವೇಟರುಗಳು ಹಾಡಿನ ನಡುವೆಯೇ ಮೀನಿನ ಹಾಗೆ ನುಸುಳಿ ಹೋಗುತ್ತಿದ್ದರು.

ಬಿಡುವಿನಲ್ಲಿ ಸುಯೋಗ ಬಂದು ಕೂತ. "ನಮ್ಮ ಹಾಡು ಅಂದ್ರ ಫ್ಯಾನ್ ಇದ್ದಂಗ. ತಿರಗತಿದ್ರ ಯಾರಿಗೂ ಗೊತ್ತಾಗೂದಿಲ್ಲ, ಬಂದ್ ಆದ್ರ ಸೆಕಿ ಅಂತಾರ. ಗಿರಾಕಿ ಎದ್ದ ಹೋಗಬಾರದು, ಅಷ್ಟಕ್ಕ ನನಗ ಪಗಾರ. ಆ ಮುದಕೀನ್ನ ಬಿಡು, ನಾ ಬರ್ತೀನಿ ಶನಿವಾರ. ನಿಮ್ಮ ಗಲ್ಲಾ ತುಂಬಿಸಿ ಕೊಡ್ತೀನಿ."

"ನೀ ಬಂದ್ರ ತುಂಬತೈತಿ, ಖರೇನ," ಅಂದಳು ಸಮೃದ್ಧಿ. "ಆದ್ರ ಫ್ಯಾನ್ ನಂದಗಡದಾಗೂ ಸಿಗತೈತಿ, ಲೋಂಡಾದಾಗೂ ಸಿಗತೈತಿ. ಇಪ್ಪತ್ತು ಕಿಲೋಮೀಟರ್ ಗಾಡಿ ಹೊಡಕೊಂಡು ಫ್ಯಾನ್ ನೋಡಾಕ ಯಾರೂ ಬರೂದಿಲ್ಲೋ."

"ಹಂಗಂದ್ರ ನನ್ನ ಮಾರಿ ಮ್ಯಾಲ ಹೊಡದಂಗಾತು."

"ಸೋಡಾ ಕುಡಿ, ಹೊತ್ತ ಮುಳಗಾಕತ್ತೈತಿ."

ಹಿಂದವಾಡಿಗೆ ಹೋಗುವ ದಾರಿಯುದ್ದಕ್ಕೂ ಅವಳ ತಲೆ ಓಡುತ್ತಿತ್ತು. ಬಾಟಲಿಯಲ್ಲಿ ನೂರಕ್ಕೆ ಹದಿನೈದು ಉಳಿದರೆ ಹೆಚ್ಚು. ಭಜಿಯ ತಾಟಿನಲ್ಲಿ ಅರವತ್ತು ಉಳಿಯುತ್ತದೆ. ಜನ ಕೇಳಲೂ ಬೇಕು, ಕೈ ಕಿಸೆಗೂ ಹೋಗಬೇಕು. ಇವೆರಡೂ ಒಟ್ಟಿಗೆ ಆಗುವುದು ಎಲ್ಲಿ? ಸಿದ್ದಕ್ಕನೇ ಹೇಳಿದ್ದಳಲ್ಲ, ನಾಟಕದಲ್ಲಿ! ಹಾಡು ಮೆಚ್ಚಿದವರು ಸ್ಟೇಜಿಗೆ ಹೋಗಿ ಆಯೇರಿ ಮಾಡುವುದು, ನೋಟನ್ನು ಸೆರಗಿಗೆ ಪಿನ್ನು ಹಚ್ಚುವುದು, ಮ್ಯಾನೇಜರು ಮೈಕಿನಲ್ಲಿ ಇಂಥ ಊರಿನ ಇಂಥವರಿಂದ ಇಷ್ಟು ಎಂದು ಕೂಗುವುದು. ಒಬ್ಬನ ಹೆಸರು ಕೂಗಿದರೆ ಹತ್ತು ಜನ ಏಳುತ್ತಿದ್ದರಂತೆ. ಸಮೃದ್ಧಿ ಅಂದೇ ರಾತ್ರಿ ಒಂದು ಬೋರ್ಡು ಬರೆದಳು: 'ಹಾಡಿಗೆ ಆಯೇರಿ ಮಾಡಬಹುದು.'

ಮೂರನೇ ಶನಿವಾರ ಮೊದಲ ಹಾಡಿಗೇ ಒಬ್ಬರು ಎದ್ದು ಬಂದರು. ಜಾಂಬೋಟಿಯ ಗಜಾನನ ಮಾಸ್ತರರು. ಗಣಿತ ಕಲಿಸುವವರು, ಶನಿವಾರಕ್ಕೊಮ್ಮೆ ಬಂದು ಹಿಂದಿನ ಮೇಜಿನಲ್ಲಿ ಕೂತು ಒಂದೇ ಬಿಯರನ್ನು ಎರಡು ತಾಸು ಕುಡಿಯುವವರು. ಕಣ್ಣಲ್ಲಿ ನೀರಿತ್ತು. ನೂರಾ ಒಂದು ರೂಪಾಯಿ ಸಮೃದ್ಧಿಯ ಕೈಗಿಟ್ಟರು. ಅವಳು ಹುರುಪಿನಿಂದ ಮೈಕು ತೆಗೆದುಕೊಂಡಳು.

"ಜಾಂಬೋಟಿಯ ಸಾಲಿ ಮಾಸ್ತರರಾದ ಶ್ರೀ ಗಜಾನನ ಅವರಿಂದ ನೂರಾ ಒಂದು ರೂಪಾಯಿ ಆಯೇರಿ!"

ಎರಡು ಸ್ಪೀಕರಿನಲ್ಲಿ ಒಂದು ರಸ್ತೆಯ ಕಡೆ ಮುಖ ಮಾಡಿತ್ತು. ಸ್ಟೇಷನ್ನಿನ ಕಡೆ ಹೊರಟಿದ್ದ ಜನ ನಿಂತು ಒಳಗೆ ಇಣುಕಿದರು. ಮಾಸ್ತರರ ಮುಖ ಬಿಳಿಚಿತು. ಅಷ್ಟರಲ್ಲಿ ನಂದಗಡದವರು ಕೂತ ಮೇಜಿನಿಂದ ಒಂದು ದನಿ ಬಂತು:

"ಮಾಸ್ತರ, ಇವತ್ತ ನಿಮ್ದ ಹಾಜರಿ ಆತು ನೋಡ್ರಿ!"

ಬಾರಿಗೆ ಬಾರೇ ಗೊಳ್ಳೆಂದಿತು. ಮಾಸ್ತರರು ಹೆಲ್ಮೆಟ್ಟನ್ನು ಒಳಗೇ ತಲೆಗೆ ಹಾಕಿಕೊಂಡು, ಗಾಜನ್ನೂ ಕೆಳಗೆಳೆದುಕೊಂಡು ಹೊರಗೆ ನಡೆದರು. ನಕ್ಕವರೂ ಒಬ್ಬೊಬ್ಬರಾಗಿ ಬೋರ್ಡು ನೋಡಿ, ಮೈಕು ನೋಡಿ, ಬಿಲ್ಲು ತರಿಸಿದರು. ಬಾರಿನಲ್ಲಿ ಕೂತವನಿಗೆ ಏನು ಬೇಕಾದರೂ ಬೇಕು, ಅವನ ಹೆಸರನ್ನು ಊರಿಗೆ ಕೇಳಿಸುವುದೊಂದು ಬೇಡ. ಇಷ್ಟು ಸಣ್ಣ ಮಾತು ಬಿ.ಕಾಂ. ಹುಡುಗಿಗೆ ಹೊಳೆದಿರಲಿಲ್ಲ.

ನಾಲ್ಕನೇ ಶನಿವಾರ ಮೂರು ಮೇಜು ತುಂಬಿದವು. ಬಂದವರೂ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ದುಂಡಪ್ಪ ಬಂದು ಖಾಲಿ ಕುರ್ಚಿಗಳನ್ನು ಕೋಲಿನಿಂದ ಎಣಿಸಿದ.

"ಛಲೋ ಆತಲ್ಲ ಸಮ್ಮೂ. ಮೊದಲ ಮಂದಿ ಇದ್ರು ರೊಕ್ಕ ಇರಲಿಲ್ಲ. ಈಗ ಎರಡೂ ಇಲ್ಲ, ಎಣಸೂ ತ್ರಾಸ ತಪ್ತು."

"ಇನ್ನ ಎರಡು ಶನಿವಾರ ಅದಾವ ಕಾಕಾ."

"ಅದಾವ, ಅದಾವ. ಕೀಲಿ ಕಳೀಬ್ಯಾಡ ಅಷ್ಟ."

ಅವಳಿಗೆ ನೋವಾಗಲಿಲ್ಲ ಅಂತಲ್ಲ. ಆದರೆ ಅತ್ತುಕೊಂಡು ಕೂಡಲು ಪುರುಸೊತ್ತಿರಲಿಲ್ಲ. ಮರುದಿನ ಸಂತೆಯಲ್ಲಿ ಗಜಾನನ ಮಾಸ್ತರರು ಬದನೆಕಾಯಿ ಆರಿಸುತ್ತಿರುವುದು ಕಂಡು ನೇರ ಎದುರಿಗೆ ಹೋಗಿ ನಿಂತಳು.

"ಸರ್, ನಂದ ತಪ್ಪಾತ್ರಿ. ನಿಮ್ಮ ಹೆಸರ ಒದರಬಾರದಿತ್ತು."

ಮಾಸ್ತರರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಾ ಮನಿ ಮುಟ್ಟೂಕಿಂತ ಮೊದಲ ಸುದ್ದಿ ಮುಟ್ಟಿತ್ತು ತಂಗಿ. ನಮ್ಮಾಕಿ ಬಾಗಿಲದಾಗ ನಿಂತಿದ್ಲು, ಕೈಯಾಗ ನೂರಾ ಒಂದು ರೂಪಾಯಿ ಹಿಡಕೊಂಡು. 'ನಾನೂ ಆಯೇರಿ ಮಾಡ್ತೀನಿ, ನೀವೂ ಒಂದು ಹಾಡ್ರಿ' ಅಂದ್ಲು."

"ಹಾಡಿದ್ರ್ಯಾ?"

"ಹಾಡ್ದೆ. ಏನ ಮಾಡ್ಲಿ?" ಮಾಸ್ತರರು ಒಂದು ಬದನೆಕಾಯಿಯನ್ನು ತಿರುಗಿಸಿ ಹುಳುಕು ನೋಡಿದರು. "ಅದೂ ಹೋಗ್ಲಿ. ಮನಿ ಮಾತು, ಮನ್ಯಾಗ ಮುಗೀತು. ನಂದಗಡದವರು ನಕ್ರಲ್ಲ, ಅದು ನೋಡು ಇನ್ನೂ ಎದ್ಯಾಗ ಕುಂತೈತಿ. ಜಾಂಬೋಟಿಯವರ ಮಾರಿ ಹೋತು. ನಮ್ಮೂರ ಹುಡುಗೂರು ಕೇಳ್ತಾರ, ಮಾಸ್ತರ, ನೀವು ಏನೂ ತಿರಗಿ ಅನ್ನಲಿಲ್ಲೇನ್ರೀ ಅಂತ."

ಸಮೃದ್ಧಿ ಅಲ್ಲೇ ನಿಂತುಬಿಟ್ಟಳು. ಹೆಸರು ಹೇಳಿದ್ದಕ್ಕೆ ಇವರಿಗೆ ನಾಚಿಕೆಯಾಗಿದೆ. ಊರಿನ ಸಲುವಾಗಿ ಸಿಟ್ಟು ಬಂದಿದೆ. ನಾಚಿಕೆ ಗಿರಾಕಿಯನ್ನು ಹೊರಗೆ ಕಳಿಸುತ್ತದೆ. ಸಿಟ್ಟು?

"ಸರ್, ಶನಿವಾರ ಬರ್ರಿ. ನಿಮ್ಮ ಹೆಸರ ಯಾರೂ ತಗಿಯೂದಿಲ್ಲ. ಜಾಂಬೋಟಿ ಹೆಸರಿನ್ಯಾಗ ತಿರಗಿ ಅನ್ನೂಣಂತ."

ಅಲ್ಲಿಂದ ಅವಳು ಹೋದದ್ದು ಸಿದ್ದಕ್ಕನ ಮನೆಗೆ. ಮುದುಕಿ ಅಕ್ಕಿ ಹಸನು ಮಾಡುತ್ತಿದ್ದಳು. ಸಮೃದ್ಧಿ ತನ್ನ ಯೋಚನೆಯನ್ನೆಲ್ಲ ಮೊರದ ಮುಂದೆ ಸುರುವಿದಳು. ಮನುಷ್ಯರ ಹೆಸರಿಲ್ಲ, ಊರಿನ ಹೆಸರಷ್ಟೇ. ರೊಕ್ಕದ ಆಯೇರಿ ಇಲ್ಲ, ತಾಟಿನ ಆಯೇರಿ. ಒಂದೂರಿನವರು ಇನ್ನೊಂದೂರಿನವರ ಮೇಜಿಗೆ ಭಜಿಯ ತಾಟು ಕಳಿಸುವುದು, ಅದನ್ನು ಮೈಕಿನಲ್ಲಿ ಹೇಳುವುದು. ಮದುವೆಯಲ್ಲಿ ಮುಯ್ಯಿ ಇಟ್ಟುಕೊಂಡವರು ತಿರುಗಿ ಮಾಡದೆ ಇರುತ್ತಾರೆಯೇ? ಇದಕ್ಕೂ ಹಾಗೆಯೇ ಮುಯ್ಯಿ ಬಂದೇ ಬರುತ್ತದೆ. ಆದರೆ ತಿನ್ನಲು ಹೊತ್ತು ಬೇಕು. ಆದ್ದರಿಂದ ಹಾಡು ಸ್ವಲ್ಪ ಗಿಡ್ಡ…

"ಗಿಡ್ಡ?" ಸಿದ್ದಕ್ಕನ ಕೈ ನಿಂತಿತು. "ರಾಣಿ ಅರಮನಿ ಬಿಟ್ಟು ಅರ್ಧ ದಾರಿಗೆ ನಿಲ್ಲಬೇಕೇನು? ನಾ ಹಾಡು ಕತ್ತರಸಾಕಿ ಅಲ್ಲ ನೋಡವ್ವ."

"ಸಿದ್ದಕ್ಕಾ, ಸ್ಟೇಜು ಎರಡು ಟೇಬಲಿನಷ್ಟು ದುಡೀಬೇಕಂತ ಕಾಕಾಗ ನಿಮ್ಮ ಮುಂದ ಮಾತು ಕೊಟ್ಟೀನಿ."

"ಕೇಳೀನಿ. ಅವತ್ತ ಅಂದ್ಕೊಂಡ್ನಿ, ನನ್ನ ಒಂದೊಂದು ಕಾಲಿಗೆ ಒಂದೊಂದು ಟೇಬಲ್ ಕಟ್ಟ್ಯಾಳ ಈ ಹುಡುಗಿ ಅಂತ." ಮುದುಕಿ ಮೊರ ಕೆಳಗಿಟ್ಟು ಮುಗುಳ್ನಕ್ಕಳು. "ಹಾಡು ಕತ್ತರಸೂದಿಲ್ಲ. ಒನ್ಸ್ ಮೋರ್ ಕತ್ತರಸ್ತೀನಿ. ಇಷ್ಟ ದಿನ ಪುಕ್ಕಟ ಕೊಟ್ಟ ಕೊಟ್ಟ ಅದರ ಬೆಲಿನ ಹೋಗೈತಿ. ಯಾರಿಗೆ ಮತ್ತೊಮ್ಮೆ ಕೇಳಬೇಕೈತಿ, ಅವರು ಮೊದಲ ತಾಟು ಕಳಸ್ಲಿ. ಹಾಡಿಗೂ ಹಾಡಿಗೂ ನಡುವ ಹತ್ತ ನಿಮಿಷ ನಾ ನೀರು ಕುಡೀತೀನಿ. ಮತ್ತ ಮೈಕು ನೀ ಹಿಡೀಬ್ಯಾಡ. ನಿನಗ ಒದರಾಕ ಬರೂದಿಲ್ಲ, ಊರ ಎದ್ದ ಹೋಗತೈತಿ. ನಾ ಒದರ್ತೀನಿ. ಹಾಸ್ಯದ ಪಾರ್ಟ್ ಮಾಡಿ ಹದಿನೆಂಟ ವರ್ಷಾತು, ಬಾಯಿ ಜಂಗ ಹಿಡದೈತಿ."

ಐದನೇ ಶನಿವಾರ ರಸ್ತೆಯ ಕಡೆಯ ಸ್ಪೀಕರನ್ನು ಗೋಡೆಗೆ ತಿರುಗಿಸಿಟ್ಟರು. ಕರೆಪ್ಪ ನಾಲ್ಕು ದಿನದಿಂದ ಸಿಕ್ಕಸಿಕ್ಕವರಿಗೆಲ್ಲ "ಹೆಸರು ಇಲ್ರೀ, ಊರು ಅಷ್ಟ" ಎಂದು ಹೇಳಿ ಬಂದಿದ್ದರಿಂದ ಏಳು ಮೇಜು ತುಂಬಿದವು. ಗಜಾನನ ಮಾಸ್ತರರು ತಮ್ಮೂರಿನ ಮೂವರನ್ನು ಕಟ್ಟಿಕೊಂಡು ಬಂದಿದ್ದರು. ರಾಣಿ ಅರಮನೆ ಬಿಟ್ಟಳು, ಗ್ಲಾಸುಗಳು ಕೆಳಗಿಳಿದವು, ಕರೆಪ್ಪ ಕಂಬವಾದ. ಹಾಡು ಮುಗಿದದ್ದೇ ಮೂಲೆಯಿಂದ "ಒನ್ಸ್ ಮೋರ್" ಬಂತು. ಸಿದ್ದಕ್ಕ ನೀರಿನ ತಂಬಿಗೆ ಎತ್ತಿಕೊಂಡಳು.

"ರಾಣಿ ನಡದ ನಡದ ದಣದಾಳ್ರೀ. ಮತ್ತ ಅರಮನಿಗೆ ಹೋಗಿ ಹೊಳ್ಳಿ ಬರಬೇಕಂದ್ರ ಬುತ್ತಿ ಬೇಕು. ಯಾವ ಊರಿನವರು ಬುತ್ತಿ ಕಟ್ಟತೀರಿ, ಯಾರಿಗೆ ಕಟ್ಟತೀರಿ?"

ಮಾಸ್ತರರು ಕರೆಪ್ಪನ ಕಿವಿಯಲ್ಲಿ ಏನೋ ಹೇಳಿದರು. ಕರೆಪ್ಪ ಸ್ಟೇಜಿನ ಬಳಿ ಬಂದು ಪಿಸುಗುಟ್ಟಿದ. ಸಿದ್ದಕ್ಕ ಮೈಕಿಗೆ ಬಾಯಿ ಹಚ್ಚಿದಳು.

"ಜಾಂಬೋಟಿಯವರಿಂದ ನಂದಗಡದವರಿಗೆ ಒಂದು ತಾಟು ಮಿರ್ಚಿ! ನಕ್ಕ ನಕ್ಕ ಬಾಯಿ ಸಪ್ಪಗಾಗಿರಬೇಕು, ಖಾರ ಹಚ್ಚಿಕೊಳ್ಳಲಿ ಅಂದಾರ!"

ಆ ರಾತ್ರಿ ನಂದಗಡದಿಂದ ಜಾಂಬೋಟಿಗೆ ಎರಡು ತಾಟು ತಿರುಗಿ ಬಂದವು, ಜಾಂಬೋಟಿಯಿಂದ ಮೂರು ಹೋದವು. ನಡುವೆ ಇಟಗಿಯವರು ತಾವೇನು ಕಡಿಮೆಯೆಂದು ಇಬ್ಬರಿಗೂ ಒಂದೊಂದು ಕಳಿಸಿದರು. ಮಿರ್ಚಿಯ ಖಾರ ನೆತ್ತಿಗೇರಿದವರು ಬಿಯರು ತರಿಸಿದರು. ಅಡುಗೆಮನೆಯ ಸಾತವ್ವ ಒಂದೇ ಬಾಣಲೆಯಲ್ಲಿ ಕರಿದು ಕರಿದು ಸೋತು, "ಇಷ್ಟು ಊರು ಇದ್ದದ್ದು ಮೊದಲ ಹೇಳಬಾರದಿತ್ತೇನು?" ಎಂದು ಜಾಲರಿ ಸೌಟನ್ನು ನೆಲಕ್ಕೆ ಕುಕ್ಕಿದಳು. ಎಷ್ಟೋ ತಾಟು ಹೇಳಿದವರಿಗೆ ಮುಟ್ಟಲೇ ಇಲ್ಲ. ಆದರೂ ಗಲ್ಲಾ ಇಪ್ಪತ್ತೆಂಟು ಸಾವಿರ ತೋರಿಸಿತು. ಕೊರತೆ ಇದ್ದದ್ದು ಬಾಣಲೆಯಲ್ಲಿ. ಸೋಮವಾರ ಸಮೃದ್ಧಿ ಎರಡನೇ ಒಲೆ ಹೂಡಿಸಿ, ಸಾತವ್ವನ ಕೈಕೆಳಗೆ ಅವಳ ಸೊಸೆಯನ್ನೂ ಕರೆಸಿಕೊಂಡಳು.

ಆರನೇ ಶನಿವಾರ ದುಂಡಪ್ಪ ಮಧ್ಯಾಹ್ನವೇ ಬಂದ. ಕರೆಪ್ಪನ ಭುಜ ಹಿಡಿದು, ಹಲ್ಲು ಕಚ್ಚಿ ಸ್ಟೂಲು ಹತ್ತಿದ. "ಇವತ್ತ ಗಲ್ಲಾ ನಂದು," ಅಂದ. ಸಮೃದ್ಧಿ ತಲೆಯಾಡಿಸಿ ಜಾಗ ಬಿಟ್ಟಳು. ಅವಳಿಗೆ ಅಡುಗೆಮನೆಗೂ ಮೇಜುಗಳಿಗೂ ನಡುವೆ ಇರುವುದೇ ಬೇಕಾಗಿತ್ತು.

ಆರೂವರೆಗೇ ಎಂಟು ಮೇಜೂ ಭರ್ತಿ. ವಾರವಿಡೀ ಊರೂರುಗಳಲ್ಲಿ ಮಾತು ಬೆಳೆದಿತ್ತೆಂದು ಕಾಣುತ್ತದೆ. ನಂದಗಡದವರು ಎರಡು ಮೇಜು ಹಿಡಿದಿದ್ದರು. ಲೋಂಡಾದವರು ರೈಲಿಳಿದು ನೇರ ಬಂದಿದ್ದರು. ಸಿದ್ದಕ್ಕ ಹಳದಿ ಇಳಕಲ್ ಸೀರೆ ಉಟ್ಟು, ಮೂಗುತಿ ತೊಳೆದು ಹಾಕಿಕೊಂಡು ಬಂದಿದ್ದಳು. ಹಾಡಿದಾಗ ಸೂಜಿ ಬಿದ್ದರೆ ಕೇಳಬೇಕು. ನೀರು ಕುಡಿಯುವಾಗ ಸಂತೆಯ ಗದ್ದಲ. ಆ ಹತ್ತು ನಿಮಿಷ ಕರೆಪ್ಪನ ಕಾಲು ನೆಲದ ಮೇಲಿರಲಿಲ್ಲ.

"ಲೋಂಡಾದಿಂದ ಇಟಗಿಗೆ ಎರಡು! ರೈಲು ನಮ್ಮೂರಾಗ ನಿಲ್ಲತೈತಿ, ನಿಮ್ಮೂರಾಗ ಎತ್ತಿನ ಗಾಡಿ ನಿಲ್ಲೂದು ಖಾತ್ರಿ ಇಲ್ಲ ಅಂತಾರ!"

"ಇಟಗಿಯಿಂದ ಲೋಂಡಾಕ್ಕ ಮೂರು! ರೈಲು ಅಲ್ಲೆ ನಿಲ್ಲೂದು, ಮಂದಿ ಲಗೂನ ಊರ ಬಿಟ್ಟ ಓಡಿ ಹೋಗ್ಲಿ ಅಂತ!"

ಸಮೃದ್ಧಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಸ್ಟೇಜು ಎರಡು ಮೇಜನ್ನು ನುಂಗಿತ್ತು ನಿಜ. ಆದರೆ ಉಳಿದ ಎಂಟು ಮೇಜುಗಳ ನಡುವೆ ಇಲ್ಲಿಯವರೆಗೆ ಇಲ್ಲದಿದ್ದ ದಾರಿಗಳನ್ನು ಹಾಕಿತ್ತು. ಒಂದು ಮೇಜಿನ ಹಸಿವು ಇನ್ನೊಂದು ಮೇಜಿನ ಕಿಸೆಯಿಂದ ತೀರುತ್ತಿತ್ತು. ಇದು ಯಾವ ಪುಸ್ತಕದಲ್ಲೂ ಅವಳಿಗೆ ಸಿಕ್ಕಿರಲಿಲ್ಲ.

ಒಂಬತ್ತೂಕಾಲಿಗೆ ಕೊನೆಯ ಬಿಡುವು. ದುಂಡಪ್ಪ ನೋಟುಗಳನ್ನು ಎಣಿಸಿ, ಫೋನಿನ ಲೆಕ್ಕ ಕೂಡಿಸಿ, ಕನ್ನಡಕ ತೆಗೆದ.

"ಮೂವತ್ತೆರಡು ಸಾವಿರದ ಏಳುನೂರಾ ಇಪ್ಪತ್ತು. ಭಾಳ ಆತು, ಇಲ್ಲ ಅನ್ನೂದಿಲ್ಲ. ಆದ್ರ ಇನ್ನೂರಾ ಎಂಬತ್ತು ಕಡಿಮಿ ಬಿತ್ತು ಸಮ್ಮೂ. ಎಲ್ಲಾರ್ದೂ ಹೊಟ್ಟಿ ತುಂಬೈತಿ, ಬಿಲ್ಲು ಆಗ್ಯಾವ."

ಅವಳು ಸುತ್ತಲೂ ನೋಡಿದಳು. ಹೌದು, ಜನ ಹೊಟ್ಟೆ ಸವರಿಕೊಳ್ಳುತ್ತಿದ್ದರು. ನಂದಗಡದ ಒಬ್ಬ ಕೈಮುಗಿದು "ಸಾಕ್ರೀ, ಇನ್ನ ಮುಂದಿನ ವಾರ" ಅನ್ನುತ್ತಿದ್ದ. ಮುಂದಿನ ವಾರ ದೀಪಾವಳಿ ದಾಟಿರುತ್ತದೆ. ಮಾತು ಮಾತೇ, ಇನ್ನೂರ ಎಂಬತ್ತೆಂದು ಬೇಡಲು ಅವಳಿಗೆ ಮನಸ್ಸಿರಲಿಲ್ಲ. "ಇನ್ನ ಹದಿನೈದು ನಿಮಿಷ ಐತ್ರಿ ಕಾಕಾ," ಅಂದಳು.

ಗಜಾನನ ಮಾಸ್ತರರು ಹಿಂದಿನ ಮೇಜಿನಿಂದ ದುಂಡಪ್ಪನನ್ನೇ ನೋಡುತ್ತಿದ್ದರು. ಎದ್ದು ಕರೆಪ್ಪನ ಹತ್ತಿರ ಹೋದರು. ಕರೆಪ್ಪ ಕೇಳಿ, ಕಣ್ಣರಳಿಸಿ, "ಹೌದೇನ್ರೀ?" ಎಂದು ಎರಡೆರಡು ಸಲ ಕೇಳಿ, ಸ್ಟೇಜಿಗೆ ಓಡಿದ. ಸಿದ್ದಕ್ಕ ಸೆರಗು ಸರಿಮಾಡಿಕೊಂಡಳು.

"ಜಾಂಬೋಟಿಯವರಿಂದ ಬೀಡಿ ಊರಿನವರಿಗೆ ಒಂದು ತಾಟು! ಎಲ್ಲಾರಿಗೂ ಮಾರಿ ಮಾರಿ ತಾವು ಒಂದೂ ತಿಂದಿಲ್ಲ, ಪಾಪ ಅಂದಾರ!"

ಬೀಡಿಯವರು ಯಾರು? ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಕರೆಪ್ಪ ಹೊಗೆಯಾಡುವ ತಾಟನ್ನು ಎರಡೂ ಕೈಯಲ್ಲಿ ಹಿಡಿದು, ಮೇಜುಗಳನ್ನೆಲ್ಲ ದಾಟಿ, ಗಲ್ಲಾದ ಮೇಲಿಟ್ಟ.

"ಏ, ಇದೇನೋ! ನಾ ಬೀಡಿಯಾಂವ ಅಂತ ಯಾರ ಹೇಳಿದ್ರು ನಿನಗ?"

"ನಾ ಹೇಳಿದ್ನಿರೀ," ಅಂದರು ಮಾಸ್ತರರು ಹಿಂದಿನಿಂದ. "ಮೂರು ವರ್ಷ ಬೀಡ್ಯಾಗ ಕಲಿಸೀನಿ. ನಿಮ್ಮ ಮನಿ ಯಾವ ಓಣ್ಯಾಗ ಐತಿ ಅಂತ ನನಗ ಗೊತ್ತಿಲ್ಲೇನ್ರೀ?"

ಬೀಡಿ ದುಂಡಪ್ಪನ ಹುಟ್ಟೂರು. ಖಾನಾಪುರಕ್ಕೆ ಬಂದು ನಲವತ್ತು ವರ್ಷವಾಗಿತ್ತು. ಆ ಊರಿನ ಹೆಸರಿನಿಂದ ಅವನನ್ನು ಕರೆದವರು ಈಚೆಗೆ ಯಾರೂ ಇರಲಿಲ್ಲ. ನಂದಗಡದ ಮೇಜಿಗೆ ಅಷ್ಟು ಸಾಕಾಯಿತು.

"ಬೀಡಿಯವರು ಮುಯ್ಯಿ ಮಾಡೂದಿಲ್ಲೇನ್ರೀ? ಇಸ್ಗೊಂಡ ಸುಮ್ನ ಕುಂದರೂದೇನು?"

"ಇರ್ಲಿ ಬಿಡ್ರೋ, ಅವರೂರಾಗ ಪದ್ಧತಿ ಇರಾಕಿಲ್ಲ!"

ಕಾಕಾನ ಕಿವಿ ಕೆಂಪಾದದ್ದು ಸಮೃದ್ಧಿಗೆ ಬಾಗಿಲಿನಿಂದಲೇ ಕಂಡಿತು. ಅವನು ಗಲ್ಲಾ ಮುಟ್ಟಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಒಳಕಿಸೆಗೆ ಕೈ ಹಾಕಿದ.

"ಪದ್ಧತಿ ಇಲ್ಲಂತ! ನಿಮ್ಮ ಅಜ್ಜಗಳು ಹುಟ್ಟೂಕಿಂತ ಮೊದಲ ಬೀಡ್ಯಾಗ ಪದ್ಧತಿ ಇತ್ತು. ಕರೆಪ್ಪಾ, ಎರಡು ತಾಟು ಜಾಂಬೋಟಿಗೆ, ಎರಡು ನಂದಗಡಕ್ಕ. ಬೀಡಿಯವರು ಒಂದಕ್ಕ ಒಂದು ಕೊಡೂ ಪೈಕಿ ಅಲ್ಲ. ಸಿದ್ದಕ್ಕಾ, ಒದರವಾ!"

ಸಿದ್ದಕ್ಕ ಒದರಿದಳು. ಹೊಟ್ಟೆ ತುಂಬಿದ್ದ ಎಂಟೂ ಮೇಜಿನವರು ಮೇಜು ಬಡಿದರು. ದುಂಡಪ್ಪ ಐನೂರರ ನೋಟನ್ನು ಗಲ್ಲಾಕ್ಕೆ ಹಾಕಿ, ನಾಲ್ಕು ತಾಟಿಗೆ ನಾನೂರಾ ಎಂಬತ್ತು ಹಿಡಿದು, ಇಪ್ಪತ್ತನ್ನು ತನಗೆ ತಾನೇ ಎಣಿಸಿ ಕೊಟ್ಟುಕೊಂಡ. ಮಾಸ್ತರರ ತಾಟಿನ ನೂರಾ ಇಪ್ಪತ್ತು ಫೋನಿಗೆ ಬಂತು. ಆಮೇಲೆ ಅವನ ಕೈ ಹಾಗೇ ನಿಂತಿತು. ಅವನು ತಲೆಯೆತ್ತಿ ಸಮೃದ್ಧಿಯನ್ನು ನೋಡಿದ.

ಅವಳು ಗಲ್ಲಾದ ಬಳಿ ಬಂದಳು. "ಕಾಕಾ, ಆ ರೊಕ್ಕ ಬೇಕಾದ್ರ ಲೆಕ್ಕಕ್ಕ ಹಿಡೀಬ್ಯಾಡ್ರಿ. ಅದು ನಿಮ್ಮ ಕಿಸೇದು."

"ಯಾಕ ಹಿಡೀಬಾರದು?" ದುಂಡಪ್ಪ ಸಿಟ್ಟಿನಿಂದಲೇ ಅಂದ. "ಹಾಡು ಇರಲಿಲ್ಲಂದ್ರ ಈ ರೊಕ್ಕ ನನ್ನ ಕಿಸೆ ಬಿಟ್ಟ ಹೊರಗ ಬರತಿತ್ತೇನು? ಗಿರಾಕಿ ಅಂದ್ರ ಗಿರಾಕಿ."

ಅವನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಎಣಿಸತೊಡಗಿದ. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ನೋಟು ತಿರುವಿದ. ಸ್ಟೇಜಿನ ಮೇಲೆ ತಬಲಾದವನು ಶ್ರುತಿ ಸರಿಮಾಡುವುದನ್ನು ನಿಲ್ಲಿಸಿದ. ಸಿದ್ದಕ್ಕ ತಂಬಿಗೆ ಹಿಡಿದುಕೊಂಡೇ ಕಾದಳು. ಸಮೃದ್ಧಿ ಗಲ್ಲಾಕ್ಕೆ ಮೊಣಕೈ ಊರಿ ನಿಂತಳು. ಮೊತ್ತ ಅವಳಿಗೆ ಆಗಲೇ ಗೊತ್ತಿತ್ತು. ಅವನ ಬಾಯಿಂದ ಕೇಳುವುದಷ್ಟೇ ಉಳಿದಿತ್ತು.

"ಮೂವತ್ತಮೂರು ಸಾವಿರದ ಮುನ್ನೂರಾ ಇಪ್ಪತ್ತು," ಅಂದ ದುಂಡಪ್ಪ.